ಬಣ್ಣದ ಮನೆಯ ಕಿಡಿಕೊಳವೆ

ರಾಮದುರ್ಗ
12-7-2003

ಅಕ್ಕ ನಾಗರತ್ನಾಳಿಗೆ ತಂಗಿ ಶೈಲಜಾಳ ನಮಸ್ಕಾರಗಳು.

ಅಪ್ಪ, ನಾನು ಆರಾಮ ಇದ್ದೇವೆ. ಮುನವಳ್ಳಿಯಲ್ಲಿ ನೀನು, ಭಾವ, ಆಕಾಶ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಪತ್ರ ತಡವಾಯಿತೆಂದು ಸಿಟ್ಟಾಗಬೇಡ. ಮೂರು ಇನ್‌ಲ್ಯಾಂಡ್ ಕಾಗದಗಳ ಮೇಲೆ ನೂಲಿನ ಬಣ್ಣ ಹತ್ತಿದ ನನ್ನ ಕರಿ ಬೆರಳಿನ ಗುರುತು ಬಿದ್ದು ಹಾಳಾದವು. ಅಪ್ಪ ನೋಡಿ, "ಇದು ಪತ್ರಾನೋ, ಜಾಮೀನ ಕಾಗದಾನೋ?" ಅಂದ. ಇದನ್ನು ಬೆರಳಿಗೆ ಅರಿವೆ ಸುತ್ತಿಕೊಂಡು ಬರೆಯುತ್ತಿದ್ದೇನೆ.

ದೊಡ್ಡ ಸುದ್ದಿ ಏನೆಂದರೆ, ನಮ್ಮ ಬಣ್ಣದ ಮನೆಯ ವಾಸನೆ ಹೋಯಿತು. ಹೋದ ಪಂಚಮಿಗೆ ಭಾವ ಊಟದ ನಡುವೆ ಎದ್ದು, "ಈ ತತ್ತಿ ವಾಸನಿ ಇರೂತನಕ ನಾವು ಈ ಮನಿಗಿ ಬರೂದಿಲ್ಲ" ಅಂದದ್ದು ಅಪ್ಪನ ಎದೆಯಲ್ಲಿ ಹಾಗೇ ಕೂತಿತ್ತು. ನೂಲಿಗೆ ಕರಿ ಬಣ್ಣ ಕುದಿಸಿದರೆ ಆ ವಾಸನೆ ಬಂದೇ ಬರುತ್ತದೆ. ಬೆಳಗಾವಿಯ ಕಾಲೇಜೊಂದರ ನಿಂಗರಾಜ ಸರ್ ಹೊಸ ಯಂತ್ರದ ಪರೀಕ್ಷೆಗೆ ಕೆಟ್ಟ ಗಾಳಿಯ ಜಾಗ ಹುಡುಕುತ್ತಿದ್ದಾರೆಂದು ಕೇಳಿ, ಅಪ್ಪ ತಾನೇ ಹೋಗಿ ಅವರನ್ನು ಕರೆತಂದ.

ಹಂಡೆಯ ಮೇಲೆ ಮುಚ್ಚಳ, ಮುಚ್ಚಳದಿಂದ ಒಂದು ತಗಡಿನ ಕೊಳವೆ, ಕೊಳವೆಯ ನಡುವೆ ಒಂದು ತಂತಿ. ಒಳಗೆ ಟರ್ರೆಂದು ನೇರಳೆ ಕಿಡಿ.

"ಕರೆಂಟು ಸುಮ್ನ ಹರಿಯೂದಿಲ್ಲ ಯಜಮಾನ್ರ," ಅಂದರು ಸರ್. "ಹೊಡದು ಬಿಡತೈತಿ, ಮತ್ತ ಹೊಡದು ಬಿಡತೈತಿ. ಕಣ್ಣು ಮುಚ್ಚಿ ತಗಿಯೂದ್ರಾಗ ನೂರು ಹೊಡತ. ಅದಕ್ಕ ಗಾಳಿ ಬಿಸಿ ಆಗೂದಿಲ್ಲ, ವಾಸನಿ ಅಷ್ಟ ಮುರೀತೈತಿ."

"ನಮ್ಮ ಸಾಲಿ ಮಾಸ್ತರೂ ಹಂಗ ಹೊಡೀತಿದ್ರು," ಅಂದ ಅಪ್ಪ. "ನನ್ನೊಳಗಿಂದು ಏನೂ ಮುರೀಲಿಲ್ಲ."

ಪಕ್ಕದ ಮನೆಯ ಇಂದ್ರವ್ವ ಅತ್ತೆ ನಿನಗೆ ಗೊತ್ತಲ್ಲ, ಆರು ವರ್ಷದಿಂದ ಮೂಗಿಗೆ ಸೆರಗು ಹಿಡಿದೇ ನಮ್ಮ ಬಾಗಿಲು ದಾಟುವವಳು. ಮೊದಲ ತಕರಾರು ಅವಳದೇ. ಯಂತ್ರ ಹಚ್ಚಿದರೆ ಅವಳ ಟಿವಿಯಲ್ಲಿ ಬರೀ ಗೆರೆ. "ಅತ್ತಿ-ಸೊಸಿ ಜಗಳಕ್ಕ ನಿಂತ ಹೊತ್ತಿಗೇ ಇಬ್ರ ಮಾರೀನೂ ಅಳಸತೈತಿ. ಯಾರು ಗೆದ್ರು ಅಂತ ನಾ ಯಾರನ್ನ ಕೇಳ್ಲಿ?" ಸರ್ ಕೊಳವೆಗೆ ತಂತಿಯ ಬಲೆ ಸುತ್ತಿದ ಮೇಲೆ ಟಿವಿಯಲ್ಲಿ ಮುಖಗಳು ತಿರುಗಿ ಬಂದವು.

ನಾಲ್ಕನೆಯ ದಿನ ಮಂಗಳವಾರ. ಮುಂಜಾನೆ ಹತ್ತಕ್ಕೆ ಮತ್ತೆ ತತ್ತಿ ವಾಸನೆ. ಅಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಸರ್ ಕೊಳವೆಯನ್ನು ಮೂರು ಸಲ ಬಿಚ್ಚಿದರು. ನಾನು ಬಾಗಿಲ ಸಂದಿಯಿಂದ, "ಸರ್, ಇವತ್ತ ಹಂಡಿಗಿ ಉರಿ ಹಚ್ಚೇ ಇಲ್ರಿ" ಅಂದೆ.

ಎಲ್ಲರೂ ಮೂಗು ಹಿಡಿದ ದಾರಿಯಲ್ಲಿ ನಡೆದರು. ಮೂಗು ಇಂದ್ರವ್ವ ಅತ್ತೆಯ ಅಡಿಗೆಮನೆಯ ಕಿಟಕಿಗೆ ಹೋಗಿ ನಿಂತಿತು. ಒಲೆಯ ಮೇಲೆ ಸಣ್ಣ ಬೋಗುಣಿ, ಅದರಲ್ಲಿ ಎರಡು ತತ್ತಿ.

"ಡಾಕ್ಟರ್ ಹೇಳ್ಯಾನ. ಮಂಗಳವಾರಕ್ಕೊಮ್ಮಿ ಔಷಧ ಅದು," ಅಂದಳು ಅತ್ತೆ.

"ಎಷ್ಟು ದಿನದ್ದವ್ವಾ ಔಷಧ?" ಅಪ್ಪ ಕೇಳಿದ.

"ಆರು ವರ್ಷದ್ದು."

ಸಂಜೆ ಅತ್ತೆ ತಾನೇ ಬಂದು ಅಪ್ಪನಿಗೆ ತಗ್ಗಿದ ದನಿಯಲ್ಲಿ, "ಮಡಿವಾಳೆಪ್ಪಾ, ಮಂಗಳವಾರ ಅರ್ಧಾ ತಾಸು ಹಂಡಿ ಕುದಸು. ಆ ಕೊಳವಿ ಅಷ್ಟ ಬಂದ್ ಇಡು" ಅಂದಳು. ಅಪ್ಪ ಒಪ್ಪಿದ. ತತ್ತಿ ಮುಟ್ಟದ ಮನೆತನದವಳು, ಅವಳ ಮಾನವೂ ಉಳಿಯಬೇಕಲ್ಲ.

ಪಂಚಮಿ ಶನಿವಾರ ಬಂದಿದೆ, ಮಂಗಳವಾರವಲ್ಲ. ಭಾವನಿಗೆ ಇದನ್ನು ಒತ್ತಿ ಹೇಳು. ಅಪ್ಪ ಜೋಕಾಲಿಗೆ ಹೊಸ ಹಗ್ಗ ತಂದು ದಿನಾ ಎಳೆದು ನೋಡುತ್ತಾನೆ. ನಿನಗೂ ಆಕಾಶನಿಗೂ ಅವನ ಆಶೀರ್ವಾದಗಳು.

ನಿನ್ನ ತಂಗಿ
ಶೈಲಜಾ

ತಾ.ಕ.: ಭಾವ ವಾಸನೆಗೆ ಎದ್ದರೆಂದು ಅಪ್ಪ ನಂಬಿದ್ದಾನೆ. ಹಾಗೇ ನಂಬಿಕೊಂಡಿರಲಿ. ಅದೇ ವಾಸನೆಯಲ್ಲಿ ಅವರು ನೀನು ನೀಡಿದ ಎರಡು ಹೋಳಿಗೆ ಉಂಡಿದ್ದರು. ಮೂರನೆಯದನ್ನು ನೀಡಿದ್ದು ನಾನು. ಅವರು ನನ್ನ ಕೈ ನೋಡಿದರು, ನೀನು ನೆಲ ನೋಡಿದೆ. ನಿಂಗರಾಜ ಸರ್‌ಗೆ ಬೆರಳು ತೋರಿಸಿ ಕೇಳಿದೆ. ಇದಕ್ಕೆ ಯಂತ್ರ ಇಲ್ಲ ಅಂದರು. ಈ ಸಲ ನೀಡಲು ಇಂದ್ರವ್ವ ಅತ್ತೆಗೆ ಹೇಳಿದ್ದೇನೆ, ಅವಳ ಕೈ ಬೆಳ್ಳಗಿದೆ. ನಾನು ಹಿತ್ತಲಲ್ಲಿ ಆಕಾಶನಿಗೆ ಜೋಕಾಲಿ ತೂಗುತ್ತ ಇರುತ್ತೇನೆ. ಕೈಗೆ ಅರಿವೆ ಸುತ್ತಿಕೊಂಡಿರುತ್ತೇನೆ, ಅವನ ಅಂಗಿಗೆ ಕರಿ ಹತ್ತುವುದಿಲ್ಲ.