ಮೂರನೆಯ ನುಡಿಯ ಕುಂಟು ಸಾಲು

ಮನೆಯಿಂದ,
ಬುಧವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ಮುದ್ದು ಮಗಳೇ,

ಹೇಗಿದ್ದೀಯೆ? ಬಲಗೈ ಬೆರಳು ಊದಿದೆ ಎಂದು ಬರೆದಿದ್ದೆ, ಇಳಿಯಿತೇ? ಬಾಗಿಲ ಸಂದಿಗೆ ಕೈ ಕೊಡುವ ಪರಧ್ಯಾನ ನಿನಗೆ ಚಿಕ್ಕಂದಿನಿಂದಲೂ ಇದೆ. ನನ್ನ ಮಂಡಿನೋವು ಇದ್ದಲ್ಲೇ ಇದೆ. ನಿನ್ನಮ್ಮ ಗಟ್ಟಿಮುಟ್ಟಾಗಿದ್ದಾಳೆ, ಮಾತು ಮಾತ್ರ ಕಡಿಮೆ.

ನೀನು ಕಳಿಸಿದ ಹೊಳೆಯ ಪದ್ಯ ತಲುಪಿತು. ಮೂವತ್ತೊಂದು ವರ್ಷದಿಂದ ಕಾವ್ಯಪಾಠ ಹೇಳುತ್ತ ಬಂದವನಿಗೆ ಮಗಳೇ ಪ್ರಕೃತಿಯ ಮೇಲೆ ಪದ್ಯ ಕಟ್ಟಿ ಕಳಿಸಿದರೆ ಹಿಗ್ಗಾಗದೇ? ಕೆಂಪು ಪೆನ್ನು ಹಿಡಿದೇ ಕುಳಿತೆ. ‘ಬೆಟ್ಟದೊಡಲಿಂದಿಳಿದ ಬೆಳ್ಳಿಹೊಳೆ, ನಿಲ್ಲದಿರು’ ಎಂಬ ಮೊದಲ ಸಾಲು ಸೊಗಸಾಗಿದೆ. ಐದೈದು ಮಾತ್ರೆಯ ನಾಲ್ಕು ಗಣ, ಹೊಳೆಯ ಓಟವೇ ಕಿವಿಗೆ ಬೀಳುತ್ತದೆ. ಎರಡನೆಯ ನುಡಿಯೂ ಹಾಗೇ. ಮೂರನೆಯದರಲ್ಲಿ ಮಾತ್ರ ಎಡವಟ್ಟು ಮಾಡಿದ್ದೀಯೆ. ‘ಚಿಲಕ ಬಿದ್ದೊಡನೆ ಜಲ’ ಎಂದು ಎರಡೇ ಗಣಕ್ಕೆ ಸಾಲು ನಿಂತುಹೋಗಿದೆ. ಆಮೇಲೆ ಬರೀ ಖಾಲಿ ಹಾಳೆ. ಹತ್ತಕ್ಕೆ ಎರಡು ಕೊಟ್ಟೆ, ಬೇಸರ ಬೇಡ.

ಶುಕ್ರವಾರ ಅದನ್ನು ನಿನ್ನ ಹೆಸರು ಹೇಳದೆ ತರಗತಿಯಲ್ಲಿ ಓದಿ, ಛಂದಸ್ಸು ಕೆಟ್ಟರೆ ಅರ್ಥವೂ ಹೇಗೆ ಕುಂಟುತ್ತದೆ ಎಂದು ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಗಲಿಲ್ಲ. ಎದ್ದು ನಿಂತು, “ಸಾಲು ತಪ್ಪಿಲ್ಲ ಸರ್. ಬರೆದೋರು ಹೆದರಿದ್ದಾರೆ” ಎಂದಳು. ಅಧಿಕಪ್ರಸಂಗ. ಗಂಟೆ ಹೊಡೆಯುವವರೆಗೆ ಹೊರಗೆ ನಿಲ್ಲಿಸಿದೆ.

ಅಳಿಯಂದಿರಿಗೆ ಮುಂಗೋಪ ಎಂದು ನೀನು ಬರೆದಾಗಲೆಲ್ಲ ನಾನು ಹೇಳಿದ್ದು ಒಂದೇ ಮಾತು: ಪದ್ಯವಾಗಲಿ ಸಂಸಾರವಾಗಲಿ, ಕಟ್ಟುಪಾಡಿನೊಳಗೇ ಅದರ ಚೆಂದ. ಕುಂಟು ಸಾಲನ್ನು ತಿದ್ದಿ ಕಳಿಸು. ನಿನ್ನ ಬಾಳು ಸುಗಮವಾಗಿರಲಿ, ಬುದ್ಧಿ ಹದವಾಗಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ನಿನ್ನಮ್ಮ ಪದ್ಯ ಕೇಳಿ ಇಸಿದುಕೊಂಡಳು. ನಿಂತೇ ಓದಿದಳು. “ಹೊಳೆಗೆ ಎಲ್ಲಿಂದ ಬಂತ್ರೀ ಚಿಲಕ?” ಎಂದಳು. ನಾನು ಆ ಸಾಲನ್ನು ಮತ್ತೊಮ್ಮೆ ಓದಿದೆ. ಅವಳು ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ, ಹನ್ನೊಂದರ ಬಸ್ಸಿಗೆ ನಿನ್ನನ್ನು ಕರೆತರಲು ಹೊರಡುತ್ತಾಳೆ. ಈ ಕಾಗದ ಅವಳ ಕೈಯಲ್ಲೇ ಬರುತ್ತದೆ. ಸೋಮವಾರ ನಾನು ಪದ್ಯದ ಒಂದು ಪ್ರತಿಯನ್ನು ಅಳಿಯಂದಿರ ಆಫೀಸಿಗೆ ಅಂಚೆಯಲ್ಲಿ ಕಳಿಸಿದ್ದೆ, ಆ ಚಿಲಕದ ಸಾಲಿನ ಕೆಳಗೆ ಗೆರೆ ಎಳೆದು. ದಿನಾ ಸಂಜೆ ಕೂರಿಸಿಕೊಂಡು ಇವಳನ್ನು ತಿದ್ದಿ ಎಂದು ಬರೆದಿದ್ದೆ. ಅದು ನಿನ್ನೆಯೇ ತಲುಪಿರಬೇಕು. ನಿನ್ನಮ್ಮನಿಗೆ ಇದು ಗೊತ್ತಿಲ್ಲ. ಹೇಳಬೇಡ.