ಎತ್ತಿನ ಗೊರಸಿನ ಕಾರ್ಡು

ತಿಳವಳ್ಳಿ,
ಬುಧವಾರ, ತಾ. ೧೨-೨-೧೯೬೪

ಪ್ರೀತಿಯ ಮಗಳು ಸುಶೀಲಾಗೆ,

ನಿನ್ನ ಕಾಕಾ ಗುದ್ಲೆಪ್ಪನ ಆಶೀರ್ವಾದ. ಹುಬ್ಬಳ್ಳಿಯ ನೀರು ಮೈಗೆ ಹಿಡಿಸಿತೇ? ನರ್ಸಿನ ಕಲಿಕೆಯಲ್ಲಿ ಇಡೀ ದಿನ ನಿಂತೇ ಇರಬೇಕಾಗುತ್ತದೆ ಎಂದು ಬರೆದಿದ್ದೆ. ಕಾಲು ಬಾತಿದ್ದರೆ ಉಪ್ಪು ಹಾಕಿದ ಬಿಸಿನೀರಲ್ಲಿ ಇಡು, ನಾಚಿಕೊಳ್ಳಬೇಡ. ಹಾಸ್ಟೆಲಿನ ಊಟ ಸೇರದಿದ್ದರೆ ತಿಳಿಸು, ಬಸ್ಸಿನ ಡ್ರೈವರನ ಕೈಯಲ್ಲಿ ರೊಟ್ಟಿ ಕಳಿಸುತ್ತೇನೆ. ಅವನು ನನ್ನ ಮಾತು ಮೀರುವವನಲ್ಲ. ಆದರೆ ನಿನ್ನ ಕಾಕಿಯ ಕೈಯ ರೊಟ್ಟಿ ಈಗ ಮೊದಲಿನ ಹಾಗಿಲ್ಲ. ಎರಡು ತಿಂಗಳಿಂದ ಹಂಚಿನಂತೆ ಗಟ್ಟಿ ಮಾಡುತ್ತಾಳೆ, ಚಟ್ನಿಯ ಖಾರವಂತೂ ನಾಲಿಗೆ ಸುಡುವಷ್ಟು. ಹೇಳಿದರೆ ನನ್ನ ಮುಖವನ್ನೇ ದಿಟ್ಟಿಸುತ್ತಾಳೆ. ಇರಲಿ, ಅದು ಬೇರೆ ಮಾತು.

ನನಗೆ ತಲೆ ಚಿಟ್ಟು ಹಿಡಿದಿದೆ ಮಗಳೇ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತು ಬಂದವನು ನಾನು (ಪಾಸಾದೆನೋ ಇಲ್ಲವೋ ಯಾಕೆ, ನಮ್ಮ ಕಾಲಕ್ಕೆ ಕೂತವರೇ ಊರಿಗೆ ಮೂವರು). ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಹಾನಗಲ್ಲ ತಾಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಂಥವನು ಒಬ್ಬ ಹೆಂಗಸನ್ನು ಹುಬ್ಬಳ್ಳಿ ಬಸ್ಸು ಹತ್ತಿಸಲಾರದೆ ಸೋತು ಕೂತಿದ್ದೇನೆ. ದೀಪಾವಳಿಗೆ ಬಂದಾಗ ನೀನು ಅವಳ ಗಲ್ಲದ ಒಳಗೆ ಬಿಳಿ ಮಚ್ಚೆ ಕಂಡು, ಎಲೆ ತಂಬಾಕು ಇಡುವ ಜಾಗದಲ್ಲೇ ಹುಣ್ಣಾಗಿದೆ, ಮಾಯದಿದ್ದರೆ ತಿಂಗಳೊಳಗೆ ಕರೆದುಕೊಂಡು ಬಾ, ಕ್ಯಾನ್ಸರ್ ಇದ್ದರೂ ಹೊತ್ತಿಗೆ ಹಿಡಿದರೆ ಬದುಕುತ್ತಾರೆ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದೆ. ಮೂರು ತಿಂಗಳಾಯಿತು. ಹುಣ್ಣು ಮಾಯ್ದಿಲ್ಲ. ನಾನು ಬಾಯಿ ತೆರೆದರೆ ಸಾಕು, "ನನ್ನ ಬಾಯಿ ನನಗಿರಲಿ, ನೀವು ನಿಮ್ಮ ಎತ್ತಿನ ಬಾಯಿ ನೋಡಕೊಂತ ಕುಂದರ್ರಿ" ಎನ್ನುತ್ತಾಳೆ.

ನೀನು ಕಳಿಸಿದ ಗುಲಾಬಿ ಹೂವಿನ ಕಾರ್ಡು ಕಾಕಿಗೆ ಧೈರ್ಯ ತಂದಿತೇ ಎಂದು ಕೇಳಿದ್ದೀಯ. ತಂದದ್ದು ಬೇರೆಯೇ. ಟಪಾಲಿನ ಶೇಖಸಾಬ ಲಕೋಟೆಯನ್ನು ಚಹಾದ ಅಂಗಡಿಯಲ್ಲಿ ನನ್ನ ಕೈಗೆ ಕೊಟ್ಟ. ಮನೆ ಮುಟ್ಟುವ ಹೊತ್ತಿಗೆ ಒಳಗಿನ ಕಾರ್ಡಿನ ಒಂದು ಮೂಲೆ ಹರಿದಿತ್ತು. ಹರಿದವನು ಶೇಖಸಾಬ ಎಂದು ಕಾಕಿಗೆ ಹೇಳಿದ್ದೇನೆ. ನಿನಗೆ ಸುಳ್ಳು ಬರೆಯಲಾರೆ, ನಾನೇ. ಅಂಗಡಿಯಲ್ಲಿ ಕೂತವರಿಗೆಲ್ಲ ನಮ್ಮ ಹುಡುಗಿ ಎಂಥ ಬಣ್ಣದ ಕಾರ್ಡು ಕಳಿಸುತ್ತಾಳೆಂದು ತೋರಿಸುವ ಅವಸರದಲ್ಲಿ ಲಕೋಟೆ ಹರಿದೆ, ಮೂಲೆಯೂ ಜೊತೆಗೆ ಬಂತು. ಮೂಲೆ ಹರಿದ ಕಾರ್ಡು ಬಂದರೆ ಯಾರೋ ಹೋದರೆಂದು ತಿಳಿಯಬೇಕು, ಅದನ್ನು ಹೊಸ್ತಿಲ ಒಳಗೆ ತರಬಾರದು, ಓದಿ ಒಗೆದು ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು ಎಂಬುದು ನಮ್ಮ ಕಡೆಯ ಕೂಸಿಗೂ ಗೊತ್ತು. ಅವತ್ತು ನನಗೊಬ್ಬನಿಗೇ ಮರೆತಿತ್ತು.

"ಹುಬ್ಬಳ್ಳಿಯಿಂದ ಬಂದೈತಿ ನೋಡು" ಎಂದು ನಗುತ್ತ ಕೈಗಿಟ್ಟೆ. ಅವಳಿಗೆ ಅಕ್ಷರ ಬರುವುದಿಲ್ಲ, ಮೂಲೆ ಕಂಡಿತು. "ಸುಶೀ" ಎಂದು ಒಂದೇ ಸಲ ಅಂದು ಒರಳಿನ ಪಕ್ಕ ಕುಸಿದಳು. ಹೆತ್ತವಳಲ್ಲದಿದ್ದರೂ ಮೂರು ವರ್ಷದವಳಿದ್ದಾಗಿನಿಂದ ನಿನ್ನನ್ನು ಮಡಿಲಲ್ಲಿಟ್ಟು ಬೆಳೆಸಿದವಳು. ಆ ಮುಖವನ್ನು ನಾನು ಇನ್ನೊಮ್ಮೆ ನೋಡಲಾರೆ. ಪಕ್ಕದ ಮನೆಯ ಕರೆವ್ವ ಓಡಿ ಬಂದವಳೇ ವಿಚಾರಿಸದೆ ಒಂದು ಕೊಡ ನೀರು ಅವಳ ತಲೆಗೆ ಸುರಿದಳು, ಉಳಿದದ್ದನ್ನು ನನ್ನ ಮೇಲೆ. ಸತ್ತಿಲ್ಲ, ಸತ್ತಿಲ್ಲ ಎಂದು ನಾನು ಒದರಿದರೆ ಕೇಳುವವರು ಯಾರು? ನಾಲ್ಕು ಮನೆಯವರು ಕೂಡಿದರು. ನಂಬಿಸಲಿಕ್ಕೆ ಕಾರ್ಡು ಓದದೆ ದಾರಿಯಿರಲಿಲ್ಲ. ಓದುವ ರಭಸದಲ್ಲಿ "ಕಾಕಿ, ನಿನ್ನ ಬಾಯಿಯ ಹುಣ್ಣು ಗುಣವಾಗುತ್ತದೆ, ಕ್ಯಾನ್ಸರ್ ಎಂದು ಹೆದರಬೇಡ, ನಾನಿದ್ದೇನೆ" ಎಂಬುದನ್ನೂ ಶಾಲೆಯ ಪದ್ಯದಂತೆ ರಾಗವಾಗಿ ಓದಿಬಿಟ್ಟೆ.

ಅಷ್ಟು ದಿನ ಸೆರಗಿನಲ್ಲಿ ಮುಚ್ಚಿಟ್ಟದ್ದು ಹೀಗೆ ಅಂಗಳಕ್ಕೆ ಬಂತು. ಅವಳು ನೀರು ತೊಟ್ಟಿಕ್ಕುತ್ತ ಎದ್ದು ನಿಂತು ಹೇಳಿದಳು, "ಹುಡುಗಿ ಜೀವಂತ ಅದಾಳ, ಅಷ್ಟ ಸಾಕು. ನನ್ನ ಸಾವಿನ ಕಾಗದ ನೀವ ತಂದ್ರಿ. ಇನ್ನ ದವಾಖಾನಿ ಮಾತು ತಗೀಬ್ಯಾಡ್ರಿ." ಮರುದಿನದಿಂದ ಕರೆವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ನಮ್ಮ ಮನೆಗೆ ಬರಲಿಲ್ಲ. ಅಂಟುತ್ತದಂತೆ. ಇಪ್ಪತ್ತು ವರ್ಷ ನಮ್ಮ ಮಜ್ಜಿಗೆಯಿಂದಲೇ ಮೊಸರು ಕಂಡ ಹೆಂಗಸು. ಕಾಕಿ ದಿನಾ ಅವಳ ಪಾಲಿನ ಒಂದು ಲೋಟ ಮಜ್ಜಿಗೆ ತೆಗೆದಿಟ್ಟು ಸಂಜೆ ಚೆಲ್ಲುತ್ತಿದ್ದಳು.

ಅಷ್ಟರಲ್ಲಿ ನಮ್ಮ ಮೈಲಾರಿ ಎತ್ತಿನ ಬಲಗೋಡು ವಾಲತೊಡಗಿತು. ರೋಗ ಕಂಡುಹಿಡಿದವನು ನಾನೆಂದು ಊರಲ್ಲಿ ಹೇಳಿದ್ದೇನೆ. ಮೊದಲು ಹೇಳಿದವಳು ಅವಳು: "ಮೈಲಾರಿ ತೆಲಿ ವಾರಿ ಮಾಡಿ ಮೇಯಾಕತ್ತೇತಿ, ಒಂದ ಕಡೆ ಅಷ್ಟ ಅಗೀತತಿ, ನೋಡ್ರಿ." ಎರಡು ದಿನಕ್ಕೆ ಮೂಗಿನಿಂದ ರಕ್ತ ಬಂತು. ಹಾನಗಲ್ಲಿನ ದನದ ಡಾಕ್ಟರ ಹತ್ತಿರ ಹೊಡೆದುಕೊಂಡು ಹೊರಟರೆ, ಅದು ಅವಳು ಹಗ್ಗ ಹಿಡಿಯದೆ ಹೆಜ್ಜೆ ಕಿತ್ತಿಡಲಿಲ್ಲ. ಕೂತು ಹೋಗುವ ಬಸ್ಸು ಬೇಡವೆಂದವಳು ಎತ್ತಿನ ಜೊತೆ ಹಾನಗಲ್ಲಿನ ತನಕ ನಡೆದಳು. ಇದಕ್ಕೆ ನಾನು ಏನೆನ್ನಬೇಕು, ನೀನೇ ಹೇಳು.

ಡಾಕ್ಟರು ನೋಡಿ, ಇದು ಕೋಡಿನ ಕ್ಯಾನ್ಸರ್ ಎಂದರು. "ದನಕ್ಕೂ ಬರತತೇನ್ರಿ?" ಎಂದು ಕಾಕಿ ಹಗ್ಗ ಬಿಗಿಹಿಡಿದು ಕೇಳಿದಳು. "ದನಕ್ಕ, ನಾಯಿಗೆ, ಮನಷ್ಯಾಗ, ಯಾರಿಗೂ ಬರತತಿ ತಾಯಿ. ಹೊತ್ತಿಗೆ ತಂದೀರಿ, ಕೋಡು ಹೋದ್ರೂ ಜೀವ ಉಳೀತತಿ" ಎಂದರು. ಅಂಟುತ್ತದೆಯೇ ಎಂದು ನಾನು ಬೇಕೆಂದೇ ಜೋರಾಗಿ ಕೇಳಿದೆ. "ಜೋಡೆತ್ತು ಇದರ ಗೋದಲ್ಯಾಗ ಮೇಯತತಿ, ಅದಕ್ಕ ಬಂದೈತೇನು?" ಎಂದು ನನ್ನನ್ನೇ ಗದರಿದರು. ಕೋಡು ತೆಗೆದರು. ಇಪ್ಪತ್ತು ದಿನಕ್ಕೆ ಮೈಲಾರಿ ಒಂಟಿಗೋಡಿನಲ್ಲೇ ಬಣವೆಗೆ ನುಗ್ಗಿ ಬೈಸಿಕೊಂಡಿತು. ಈಗಲಾದರೂ ತಿಳಿಯಿತೇ ಎಂದರೆ ಇವಳ ಉತ್ತರ ಕೇಳು: "ಕೋಡಿಲ್ಲದ ಎತ್ತು ರೊಟ್ಟಿ ಬಡಿಯೂದಿಲ್ಲ, ನಾಕ ಮಂದ್ಯಾಗ ಮಾತಾಡೂದಿಲ್ಲ. ನನ್ನ ಗಲ್ಲ ಕೊಯ್ದ್ರ ನಾ ಹ್ಯಾಂಗ ಇರ್ಲಿ? ಅದೂ ಮೂಲಿ ಹರದ ಕಾರ್ಡು ಬಂದ ಮ್ಯಾಲ."

ಹಾಗಾದರೆ ಮೂಲೆ ಹರಿಯದ ಕಾರ್ಡು ತರಿಸುತ್ತೇನೆ ಎಂದುಕೊಂಡೆ. ಶಾಲೆಯ ಮಾಸ್ತರರಿಂದ ಚಿತ್ರ ಬರೆಯುವ ದಪ್ಪ ಹಾಳೆ ತಂದು, ಕೆಮ್ಮಣ್ಣು ಕಲಸಿ, ಮೈಲಾರಿಯ ಗೊರಸು ಒತ್ತಿಸಿದೆ. ಮೊದಲ ಹಾಳೆಯನ್ನು ಅದು ತಿಂದಿತು. ಎರಡನೆಯದರ ಮೇಲೆ ಮಾಡಬಾರದ್ದು ಮಾಡಿತು. ಮೂರನೆಯದಕ್ಕೆ ಗೊರಸು ಚಂದ ಮೂಡಿತು. ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದೆ. ಅದನ್ನು ಕರೆವ್ವನ ಮನೆಗೆ ಒಯ್ದು, ಅಂಟುವುದಿಲ್ಲವೆಂಬ ಡಾಕ್ಟರ ಮಾತು ಒಪ್ಪಿಸಿ, ನಾಲ್ಕು ಬೈದೆ. ಅವಳು ಕುಂಕುಮದಲ್ಲಿ ಬೆರಳು ಅದ್ದಿ ಹಾಳೆಯ ನಡುವೆ ಇಟ್ಟಳು, ಹೆಪ್ಪಿನ ಮಜ್ಜಿಗೆಗೆ ಲೋಟ ಹಿಡಿದು ನಮ್ಮ ಬಾಗಿಲಿಗೂ ಬಂದಳು. ಶೇಖಸಾಬ ಮಾತ್ರ, "ನೀವ ಹರದು ನನ್ನ ಹೆಸರು ಕೆಡಿಸಿದ್ರಿ, ಈಗ ಎತ್ತಿನ ಟಪಾಲು ಹೊರಂತೀರಿ" ಎಂದು ಸಿಡುಕಿದರೂ, ಮಧ್ಯಾಹ್ನ ಟೊಪ್ಪಿಗೆ ಸರಿಮಾಡಿಕೊಂಡು, ರಜಿಸ್ಟರ್ ಕಾಗದ ಕೊಡುವ ಗತ್ತಿನಲ್ಲಿ ಕಾಕಿಯ ಕೈಗೇ ಕೊಟ್ಟ.

ಅವಳು ಮೊದಲು ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿಂದ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಗೊರಸಿನ ಗುರುತು. ಓದ್ರಿ ಎಂದಳು. ಓದಿದೆ: "ಅಡಿವೆವ್ವಗೆ ಮೈಲಾರಿಯ ಶರಣು. ನನ್ನ ಕೋಡು ಹೋಯಿತು, ಹಸಿವು ಹೋಗಿಲ್ಲ. ಹಾನಗಲ್ಲಿನ ತನಕ ನನ್ನ ಹಗ್ಗ ಹಿಡಿದು ನೀನು ಬಂದೆ. ನಿನ್ನ ಜೊತೆ ಬರೋಣವೆಂದರೆ ನನ್ನನ್ನು ಬಸ್ಸಿಗೆ ಹತ್ತಿಸುವುದಿಲ್ಲ. ನೀನೇ ಹೋಗಿ ಬಾ." "ಎತ್ತು ನಿಮಗಿಂತ ಚಂದ ಬರೀತತಿ" ಎಂದು ಕಾರ್ಡನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. ಬಸ್ಸು ಮಾತ್ರ ಹತ್ತಲಿಲ್ಲ. ಇದಾಗಿ ಮೂರು ದಿನ. ಇನ್ನು ನನ್ನ ಬತ್ತಳಿಕೆಯಲ್ಲಿ ಏನೂ ಉಳಿದಿಲ್ಲ. ನೀನೇ ರಜೆ ಹಾಕಿ ಬಂದು ಅವಳನ್ನು ಹೊತ್ತುಕೊಂಡು ಹೋಗು.

ಕರೆವ್ವ ನಿನ್ನನ್ನು ಕೇಳಿದ್ದಾಳೆ. ಮೈಲಾರಿ ಮೇಯುತ್ತಿದೆ. ನೀನು ಹೊತ್ತಿಗೆ ಉಣ್ಣು, ನೂರು ವರ್ಷ ಬಾಳು.

ನಿನ್ನ ಕಾಕಾ,
ಗುದ್ಲೆಪ್ಪ

ತಾ. ಕ.: ಬಸ್ಸು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ರಜೆ ಹಾಕಬೇಡ, ನಾವೇ ಬರುತ್ತೇವೆ. ಲಕೋಟೆಗೆ ಅಂಟು ಹಚ್ಚುವಾಗ ಅವಳು ಬಂದು ಒಂದು ಷರತ್ತು ಹಾಕಿದಳು: "ರೊಟ್ಟಿ ಮೊದಲಿನಂಗ ಅದಾವ. ಎರಡ ತಿಂಗಳಾತು, ನೀವೂ ಒಂದ ಕಡೆ ಅಷ್ಟ ಅಗೀತೀರಿ. ಬಾಯಿ ತಗೀರಿ, ನೋಡೋಣ." ತಾಲೂಕಿನ ಎತ್ತುಗಳ ಬಾಯಿ ತೆಗೆಸಿದವನನ್ನು ಹೊಸ್ತಿಲಲ್ಲಿ ಬಿಸಿಲಿಗೆ ನಿಲ್ಲಿಸಿ ಗದ್ದ ಹಿಡಿದು ನೋಡಿದಳು. ನಾಲಿಗೆಯ ಬಲ ಅಂಚಿಗೆ ಒಂದು ಹುಣ್ಣಿದೆ. ನನಗೆ ಗೊತ್ತಿತ್ತು ಮಗಳೇ. ನಾನು ತೋರಿಸಿದರೆ ತಾನೂ ತೋರಿಸುತ್ತಾಳಂತೆ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇವೆ, ಸ್ಟ್ಯಾಂಡಿನಲ್ಲಿ ನಿಂತಿರು. ಡಾಕ್ಟರ ಹತ್ತಿರ ಎರಡು ಹೆಸರು ಬರೆಸು. ಗುಲಾಬಿಯ ಕಾರ್ಡು ಇನ್ನೆರಡು ಸಿಕ್ಕರೆ ತೆಗೆದಿಡು. ಟಪಾಲಿಗೆ ಹಾಕಬೇಡ, ಕೈಯಲ್ಲೇ ಕೊಡು.