ತೋಳದ ಕೆಲಸಕ್ಕೆ ಸಂಬಳವೆಷ್ಟು

ನಮ್ಮ ಮನೆ ಯಜಮಾನರಿಗೆ,

ಕನ್ನಡಕ ಇಲ್ಲೇ ಬಿಟ್ಟು ಹೋದಿರಿ. ಅಲ್ಲಿ ಯಾರಿಂದಲಾದರೂ ಓದಿಸಿಕೊಳ್ಳುತ್ತೀರೋ ಏನೋ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ ಕೈ ಇದು, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ. ನನ್ನ ಬಾಯನ್ನೇ ಸಹಿಸಿಕೊಂಡಿದ್ದಿರಂತೆ, ಹಾಗೆಂದು ಊರೆಲ್ಲ ಹೇಳಿಕೊಂಡು ತಿರುಗಿದಿರಲ್ಲ.

ಮಗಳ ಮಗಳು ಶಶಿ ನಿಮ್ಮ ಹೆಗಲ ಮೇಲೆ ಕೂತು ಹುಲ್ಲಿನ ಕಾವಲಿಗೆ ಬರುತ್ತಿದ್ದದ್ದು ನೆನಪಿದೆಯೇ? ನೀವು ಕುರಿ ಮೇಯಿಸಿದ ಆ ಹುಲ್ಲುಗಾವಲಿನಲ್ಲೇ ಈಗ ಅವಳಿಗೆ ಕೆಲಸ. ಪ್ರಾಣಿಗಳ ಮೇಲೆ ಎಂಎಸ್ಸಿ ಓದಿ, ತೋಳ ಎಲ್ಲಿ ಮಲಗುತ್ತದೆ, ಏನು ತಿನ್ನುತ್ತದೆ, ಮರಿ ಎಲ್ಲಿ ಹಾಕಿದೆ ಎಂದು ಬರೆದಿಡುತ್ತಾಳೆ. ಅಜ್ಜಂಪುರದಲ್ಲಿ ಒಂದು ಬಾಡಿಗೆ ರೂಮು, ಒಂದು ಹಳೇ ಸ್ಕೂಟರು. ನೀವು ಕೋಲು ಹಿಡಿದು ಅಟ್ಟಿದ ಜಂತುವನ್ನು ಇವಳು ದುರ್ಬೀನು ಹಿಡಿದು ಹುಡುಕುತ್ತಾಳೆ. ನಗುತ್ತಿದ್ದೀರಿ ಅಲ್ಲವೇ? ನಗಿ. ಸಂಬಳ ಕೇಳಿದರೆ ನಿಲ್ಲುತ್ತದೆ ನಗು.

ಅವಳು ಕೆಲಸಕ್ಕೆ ಸೇರಿದಾಗ, ಮೊಮ್ಮಗಳು ಫಾರೆಸ್ಟಿನಲ್ಲಿದ್ದಾಳೆ ಎಂದು ನಾನೇ ಊರಿಗೆಲ್ಲ ಸಾರಿದೆ. ಊರವರು ಅವಳಿಗೆ ಜೀಪು, ಕ್ವಾರ್ಟರ್ಸು ಎಲ್ಲ ಕೊಟ್ಟೇ ಬಿಟ್ಟರು.

"ನಾನು ಫಾರೆಸ್ಟಲ್ಲ ಕಣಜ್ಜಿ, ಪ್ರಾಜೆಕ್ಟು. ದುಡ್ಡು ಬಂದಾಗ ಕೊಡ್ತಾರೆ."

"ಬರೋವರ್ಗೂ ಪ್ರಾಜೆಕ್ಟೇ ಉಣ್ತೀಯೇನೇ?"

ಬೇಸಿಗೆಯಲ್ಲಿ ನೀವು ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸಿದರೆ, ಗೊಬ್ಬರ ಬಿತ್ತೆಂದು ಹೊಲದವರು ಬೆಳಗ್ಗೆ ರಾಗಿ ಅಳೆದು ಕೊಡುತ್ತಿದ್ದರು. ಕುರಿ ಮಲಗಿದ್ದಕ್ಕೂ ಕೂಲಿ ಇತ್ತು. ಇವಳು ದಿನವಿಡೀ ಬಿಸಿಲಲ್ಲಿ ಅಲೆದರೂ ತಿಂಗಳುಗಟ್ಟಲೆ ಬರಿಗೈ. ರೂಮಿನವರು ಬಾಡಿಗೆ ಏರಿಸುವುದನ್ನು ಮಾತ್ರ ಮರೆಯುವುದಿಲ್ಲ. ಜಾಲಿಮುಳ್ಳಿಗೆ ಗಾಡಿ ಟೈರು ವಾರಕ್ಕೊಮ್ಮೆ ತೂತು. ಯುಗಾದಿಗೆ ಬಂದಾಗ ಅವಳ ಚೀಲ ಕೊಡವಿದೆ, ಬರೀ ಬಿಸ್ಕತ್ತಿನ ಕಾಗದ. "ಮಧ್ಯಾಹ್ನದ ಊಟಾನಾ ಇದು?" ಎಂದರೆ, "ತೂಕ ಕಮ್ಮಿ ಇರುತ್ತಜ್ಜಿ, ಹೊತ್ಕೊಂಡು ಓಡಾಡೋಕೆ ಸುಲಭ" ಅಂದಳು. ಸುಳ್ಳು ಹೇಳುವಾಗ ನಿಮ್ಮ ಹಾಗೆಯೇ ಮೂಗು ಕೆರೆದುಕೊಳ್ಳುತ್ತಾಳೆ.

ಹೋದ ವಾರ ಕಡೂರಿನ ಖಾಸಗಿ ಕಾಲೇಜೊಂದರಿಂದ ಕರೆ ಬಂತು. ಜೀವಶಾಸ್ತ್ರದ ಪಾಠ, ತಿಂಗಳು ಹುಟ್ಟಿದರೆ ಸಂಬಳ, ಭಾನುವಾರ ರಜಾ. ಹೋಗು ಹೋಗು ಎಂದು ಅವಳ ಕಿವಿ ತಿಂದವಳು ನಾನೇ. "ಕಾಯಿಲೆ ಬಿದ್ರೆ ತೋಳ ಬಂದು ಗಂಜಿ ಕಾಯ್ಸಿ ಕೊಡುತ್ತಾ?" ಎಂದೂ ಕೇಳಿದೆ.

ಗುರುವಾರ ಸಂಜೆ ಬಂದವಳು ಜಗಲಿ ಮೇಲೆ ಕೂತು ಕಾಲೇಜಿನವರಿಗೆ ಫೋನು ಮಾಡಿದಳು. "ಆಯ್ತು ಸರ್. ಹೌದು ಸರ್, ಇದನ್ನ ಬಿಟ್ಟೇ ಬರ್ತೀನಿ ಸರ್." ಒಳಗೆ ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಮಂಡಿ ನೋವೆಂದು ಮಂದೆಯನ್ನೆಲ್ಲ ಮಾರಿದ ದಿನ ನೀವು ವ್ಯಾಪಾರಿ ಮುಂದೆ ಹೂಂ ಹೂಂ ಅಂದಿರಲ್ಲ, ಅದೇ ದನಿ. ಆಮೇಲೆ ನೀವು ಉಂಡಿರಿ, ಮಲಗಿದಿರಿ, ಎದ್ದಿರಿ. ಆದರೆ ನೀವು ಮತ್ತೆ ಮೊದಲಿನ ನೀವಾಗಲಿಲ್ಲ.

ಎದ್ದು ಹೋಗಿ ಫೋನು ಕಿತ್ತುಕೊಂಡೆ. "ಹಲೋ, ಅವಳಜ್ಜಿ ಮಾತಾಡ್ತಿರೋದು. ಅವ್ಳು ಬರಲ್ಲ ಕಣಪ್ಪಾ, ಬೇರೆಯೋರ್ನ ನೋಡ್ಕಳಿ."

"ಅಜ್ಜೀ! ಏನ್ ಮಾಡ್ಬಿಟ್ಟೆ? ಬಾಡಿಗೆ ನಿಮ್ಮಪ್ಪ ಬಂದು ಕಟ್ತಾನಾ?"

"ನಮ್ಮಪ್ಪನ ಎಬ್ಬಿಸ್ಬೇಡ. ರೂಮ್ ಖಾಲಿ ಮಾಡಿ ಇಲ್ಲಿಗೆ ಬಾ."

"ದಿನಾ ಹೋಗು ಅಂತ ಪ್ರಾಣ ತಿಂದಿದ್ದು ಯಾರು?"

"ನಾನೇ ಕಣೇ. ಬಾಯಿ ನಂದು, ಹೆಂಗ್ ಬೇಕಾದ್ರೂ ಆಡ್ತೀನಿ."

ಅವಳು ತಿರುಗಿ ಫೋನು ಮಾಡಬಹುದಿತ್ತು. ಕಾಲೇಜಿನವರೂ ಕಾಯುತ್ತಿದ್ದರೇನೋ. ಫೋನು ಕೈಯಲ್ಲೇ ಹಿಡಿದು ಕಾವಲಿನ ಕಡೆ ನೋಡುತ್ತಾ ಕೂತಳು, ಕೂತಳು... ಆಮೇಲೆ ಒಳಗೆ ಬಂದು "ಮುದ್ದೆಗೆ ಏನ್ ಸಾರು?" ಅಂದಳು. ಅಷ್ಟೇ.

ಗೆದ್ದೆನೆಂದು ಬರೆಯುತ್ತಿಲ್ಲ ಯಜಮಾನರೇ. ಸುಸ್ತಾಗಿದೆ. ಅವಳಿಗೆ ಮೂವತ್ತಾಗುತ್ತಾ ಬಂತು. ಪ್ರಾಜೆಕ್ಟು ಮುಗಿದರೆ ಮುಂದೇನು? ನನ್ನ ಕೈ ಇನ್ನೆಷ್ಟು ದಿನ ಮುದ್ದೆ ತೊಳಸೀತು? ಇನ್ನೊಂದು ತಟ್ಟೆ ಬಂತೆಂದು ಸೊಸೆ ಆಗಲೇ ಮುಖ ಊದಿಸಿಕೊಂಡಿದ್ದಾಳೆ. ಅವಳದೂ ತಪ್ಪಲ್ಲ, ಎಣ್ಣೆ ಬೇಳೆ ತರುವವಳು ಅವಳು.

ಭಾನುವಾರ ಶಶಿ ಗಂಟುಮೂಟೆ ತರುತ್ತಾಳೆ. ನಿಮ್ಮ ಮಂಚ ಅವಳಿಗೆ ಕೊಡುತ್ತೇನೆ, ಬೇಜಾರಾಗಬೇಡಿ. ಇನ್ನೊಂದು ಸುದ್ದಿ ನಿಮಗೆ ಗೊತ್ತಿಲ್ಲ. ನೀವು ಹೋದ ಮೇಲೆ ಸರ್ಕಾರ ನನಗೆ ವಿಧವೆಯರ ಪಿಂಚಣಿ ಕೊಡುತ್ತಿದೆ. ಮುಟ್ಟಲು ಮನಸ್ಸು ಬಾರದೆ ಹಾಗೇ ಬಿಟ್ಟಿದ್ದೆ. ಇನ್ನು ಮೇಲೆ ಅದು ಅವಳ ಗಾಡಿಯ ಪೆಟ್ರೋಲಿಗೆ. ಬದುಕಿದ್ದಷ್ಟು ದಿನ ತೋಳವನ್ನು ಅಟ್ಟಿದಿರಿ. ಈಗ ಸತ್ತು ಅದರ ಹಿಂದೆ ಓಡಿ, ಮೊಮ್ಮಗಳ ಜೊತೆ.

ಇತಿ, ನಿಮ್ಮ ಬಾಯಿಬಡುಕಿ